ಎರಡನೇ ಸಲ ಕೇಳದ ಊರು

ಹಿರಿಯೂರಿನಲ್ಲಿ ಸ್ವೀಡನ್ ದೇಶ ನೋಡಬೇಕೆಂದರೆ ದಿಲಾವರ್ ಸಾಹೇಬರ ಟೈಲರ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಬೇಕು. ಹತ್ತುವಾಗ ತಲೆ ತಗ್ಗಿಸದಿದ್ದರೆ ಹಣೆಗೆ ತೊಲೆ ಬಡಿಯುವುದು ಖಂಡಿತ. ಮೇಲಿರುವುದು ಒಂದೇ ಕೋಣೆ. ಅದರಲ್ಲಿ ಎಂಟು ಪ್ಲಾಸ್ಟಿಕ್ ಕುರ್ಚಿ, ಗುರ್ ಎನ್ನುವ ಒಂದು ಫ್ಯಾನು, ಗೋಡೆಗೆ 2011ನೇ ಇಸವಿಯ ಒಂದು ಕ್ಯಾಲೆಂಡರು. ಕ್ಯಾಲೆಂಡರಿನಲ್ಲಿ ಹಿಮ ಹೊದ್ದ ಮರಗಳ ನಡುವೆ ಒಂದು ಕೆಂಪು ಮನೆ. ದಿನಾ ಸಂಜೆ ಐದಕ್ಕೆ ಏಳು ಮಂದಿ ನರ್ಸ್ ಹುಡುಗಿಯರು ಬಂದು ಆ ಕೆಂಪು ಮನೆಯ ಎದುರು ಕೂರುತ್ತಾರೆ. ಪಾಠ ಹೇಳುವವರು ಆದಿವಾಲದ ಸುಮಿತ್ರಮ್ಮ. ವಯಸ್ಸು ಐವತ್ತೇಳು, ಓದು ಏಳನೇ ಕ್ಲಾಸು, ಬಾಯಿ ಮಾತ್ರ ಯಾವ ಪ್ರೊಫೆಸರಿಗೂ ಕಡಿಮೆ ಇಲ್ಲ.

ಈ ಪಾಠಶಾಲೆ ಹುಟ್ಟಿದ ಕತೆ ಸಣ್ಣದು. ಸ್ವೀಡನ್ನಿನ ಉತ್ತರಕ್ಕಿರುವ ಬ್ಯೋರ್ಕ್‌ನೆಸ್ ಎಂಬ ಊರಿನ ವೃದ್ಧಾಶ್ರಮಕ್ಕೆ ನರ್ಸುಗಳು ಬೇಕಾಗಿದ್ದರು. ಚಿತ್ರದುರ್ಗದ ಒಂದು ನರ್ಸಿಂಗ್ ಶಾಲೆ ಕಳಿಸುತ್ತೇವೆ ಎಂದು ಒಪ್ಪಿಕೊಂಡಿತು. ಅಲ್ಲಿಯ ಭಾಷೆ ಕಲಿಸಲು ಒಬ್ಬ ಮೇಷ್ಟ್ರು ಬೆಳಗಿನ ಹೊತ್ತು ಕಂಪ್ಯೂಟರಿನಲ್ಲಿ ಬರುತ್ತಾನೆ. ಅದು ಸಾಲದೆಂದು ಆ ಊರಿನವರು ಒಂದು ದಪ್ಪ ಪುಸ್ತಕ ಕಳಿಸಿ, ವಿದೇಶಿಯರಿಗೆ ಸ್ವೀಡನ್ನಿನ ಭಾಷೆ, ನೆಲ, ಸಂಸ್ಕೃತಿ ಎಲ್ಲವನ್ನೂ ಮೊದಲೇ ಪರಿಚಯ ಮಾಡಿಸಿ ಕಳಿಸಿ ಎಂದು ಕೇಳಿದರು. ಶಾಲೆಯ ಟ್ಯೂಟರ್ ಪ್ರದೀಪ್ ಆದಿವಾಲದವನೇ. ಅವನಿಗೆ ತಟ್ಟನೆ ನೆನಪಾದದ್ದು ಬ್ಯೋರ್ಕ್‌ನೆಸ್ಸಿನಲ್ಲೇ ಐದು ವರ್ಷ ಇದ್ದು ಬಂದ ಸುಮಿತ್ರಮ್ಮ. ಹುಡುಗಿಯರು ಹೇಗೂ ಹಿರಿಯೂರಿನ ಆಸ್ಪತ್ರೆಯಲ್ಲೇ ಕೆಲಸದಲ್ಲಿದ್ದರು. ಕೋಣೆಯೊಂದು ಸಿಕ್ಕಿದ್ದೇ ತಡ, ಪಾಠ ಶುರುವಾಯಿತು.

ಪುಸ್ತಕದ ಹೆಸರು ‘ವಿದೇಶಿಯರಿಗೆ ಸ್ವೀಡನ್’ ಎಂದು ಪ್ರದೀಪ್ ಟೈಲರ್ ಅಂಗಡಿಯ ಮುಂದೆ ಓದಿ ಹೇಳಿದಾಗ ಸುಮಿತ್ರಮ್ಮ ಸುತ್ತ ನೋಡಿ, “ವಿದೇಶಿಯರು ಎಲ್ಲಿದಾರಪ್ಪ ಇಲ್ಲಿ?” ಅಂದಿದ್ದರು.

“ನಾವೇ ಕಣಕ್ಕ ವಿದೇಶಿಯರು,” ಅಂದ ಪ್ರದೀಪ್.

ದಿಲಾವರ್ ಸಾಹೇಬರು ಕತ್ತರಿ ಕೆಳಗಿಟ್ಟು ಯೋಚನೆ ಮಾಡಿದರು. ಅವರ ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಇಲ್ಲೇ ಬಟ್ಟೆ ಹೊಲಿಯುತ್ತಿರುವ ಮನೆತನ. ಹಿರಿಯೂರಿನಲ್ಲೇ ಕೂತು ವಿದೇಶಿಯಾಗಬಹುದು ಎಂಬ ಸಂಗತಿ ಅವರಿಗೆ ಬಹಳ ಹಿಡಿಸಿಬಿಟ್ಟಿತು. ಅಂದಿನಿಂದ ಹುಡುಗಿಯರು ಮೆಟ್ಟಿಲು ಹತ್ತುವಾಗಲೆಲ್ಲ, ಬಂದರು ನೋಡಿ ವಿದೇಶಿಯರು, ಎಂದು ಅವರು ಗಿರಾಕಿಗಳಿಗೆ ತೋರಿಸುತ್ತಿದ್ದರು.

ಸುಮಿತ್ರಮ್ಮನ ಮೊದಲನೇ ಪಾಠ ಪುಸ್ತಕದಲ್ಲಿ ಇರಲಿಲ್ಲ. ಅವರು ಬಸ್ ಸ್ಟ್ಯಾಂಡ್ ಹತ್ತಿರದ ಗಾಡಿಯಿಂದ ಬಿಸಿಬಿಸಿ ಮಿರ್ಚಿ ತಂದು, ತಟ್ಟೆಯಲ್ಲಿಟ್ಟುಕೊಂಡು, ಒಬ್ಬೊಬ್ಬರ ಮುಂದೆ ಹಿಡಿದರು. ಬೇಕಾ ಎಂದು ಕೇಳಿದರು. ಹೊಳಲ್ಕೆರೆಯ ಕೈನಾತ್ ಮರ್ಯಾದಸ್ಥರ ಮನೆಯ ಹುಡುಗಿ, ಬೇಡ ಆಂಟಿ ಅಂದಳು. ತಟ್ಟೆ ಮುಂದಿನವಳ ಹತ್ತಿರ ಹೋಯಿತು. ಹೊಸದುರ್ಗದ ರೇಣುಕಾ ನಾಚಿಕೊಂಡು, ಇರಲಿ ಬಿಡಿ ಅಕ್ಕ, ನೀವು ತಗಳ್ರಿ ಅಂದಳು. ತಟ್ಟೆ ಅಲ್ಲಿಂದಲೂ ಮುಂದೆ ಹೋಯಿತು. ಏಳು ಜನರೂ ಬೇಡ ಅಂದರು, ಏಳು ಜನರಿಗೂ ಹಸಿವಿತ್ತು. ಎಲ್ಲರೂ ಎರಡನೇ ಸಲ ಕೇಳುತ್ತಾರೆಂದು ಕಾಯುತ್ತಿರುವಾಗ ಸುಮಿತ್ರಮ್ಮ ಕುರ್ಚಿಯಲ್ಲಿ ಕೂತು, ಅವರ ಎದುರೇ, ಒಂದಾದ ಮೇಲೊಂದು ಮೂರು ಮಿರ್ಚಿ ತಿಂದು ಕೈ ಒರೆಸಿಕೊಂಡರು.

“ಇದೇ ಸ್ವೀಡನ್ನು,” ಅಂದರು. “ಆ ಊರಲ್ಲಿ ಎರಡನೇ ಸಲ ಕೇಳಲ್ಲ. ಬ್ಯಾಡ ಅಂದ್ರೆ ಬ್ಯಾಡ ಅಂತ್ಲೇ ತಿಳ್ಕಂತಾರೆ. ಬೇಕಿದ್ರೆ ಮೊದಲ್ನೇ ಸಲಕ್ಕೇ ‘ಯಾ, ತಕ್’ ಅನ್ರಿ. ಹೌದು, ಕೊಡ್ರಿ, ನಿಮ್ಗೆ ಒಳ್ಳೇದಾಗ್ಲಿ ಅಂತ ಅದ್ರ ಅರ್ಥ.”

ಮತ್ತೆ ತಟ್ಟೆ ಹೊರಟಾಗ ಏಳು ಬಾಯಲ್ಲಿ ಏಳು ‘ಯಾ, ತಕ್’ ಬಂತು. ಆ ಎರಡು ಮಾತು ಕಲಿತಷ್ಟು ಬೇಗ ಅವರು ಬೇರೆ ಏನನ್ನೂ ಕಲಿಯಲಿಲ್ಲ ಎಂದು ಕಂಪ್ಯೂಟರಿನ ಮೇಷ್ಟ್ರು ಕೂಡ ಒಪ್ಪುತ್ತಾನೆ.

ಈ ಪಾಠವನ್ನು ಸುಮಿತ್ರಮ್ಮ ಕಲಿತದ್ದು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು. ಐಮಂಗಲದ ಲಾರಿ ಡ್ರೈವರನ್ನು ಮದುವೆಯಾಗಿ, ಮೂವತ್ತಾರಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಚಿತ್ರದುರ್ಗದಲ್ಲಿ ಅಡುಗೆ ಕೆಲಸಕ್ಕೆ ಸೇರಿದಾಗ ಸಿಕ್ಕಿದ್ದು ಒಬ್ಬ ಸ್ವೀಡಿಷ್ ಎಂಜಿನಿಯರಿನ ಮನೆ. ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದವನು ಅವನು. ಹೆಂಡತಿ ಮಾರ್ಗರೆಟಾ, ಎರಡು ವರ್ಷದ ಮಗಳು ಟೂವಾ. ಆ ಮಗು ಸುಮಿತ್ರಮ್ಮನನ್ನು ಸುಮ್ಮಿ ಎಂದು ಕರೆಯುತ್ತಿತ್ತು, ಅವರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಎರಡು ವರ್ಷಕ್ಕೆ ಕೆಲಸ ಮುಗಿದು ಅವರು ಹೊರಟಾಗ ಮಗುವಿನ ಹಟಕ್ಕೆ ಸುಮಿತ್ರಮ್ಮನೂ ಜೊತೆಗೆ ಹೊರಟರು. ಆದಿವಾಲದಲ್ಲಿ ಅಣ್ಣ ಬಯ್ದ, ಅತ್ತಿಗೆ ಅತ್ತಳು, ಸುಮಿತ್ರಮ್ಮ ಸ್ವೆಟರ್ ಕೊಂಡರು.

ಬ್ಯೋರ್ಕ್‌ನೆಸ್ ಎಂಬ ಹೆಸರು ನಾಲಿಗೆಗೆ ಹೊರಳದೆ ಅವರು ಅದನ್ನು ಬೋರ್ಕನಹಳ್ಳಿ ಮಾಡಿಕೊಂಡರು. ಅಲ್ಲಿಗೆ ಹೋದ ದಿನ ಮನೆಗೆ ಬಂದಿದ್ದ ಟೂವಾಳ ಅಜ್ಜಿ ಊಟಕ್ಕೆ ಕರೆದಳು. ಹೊಸ ಜಾಗ, ಹೊಸ ಜನ, ಸುಮಿತ್ರಮ್ಮ ನಮ್ಮ ಪದ್ಧತಿಯಂತೆ ಬೇಡ ಅಂದರು. ಅಜ್ಜಿ ತಲೆಯಾಡಿಸಿ ಪಾತ್ರೆ ಮುಚ್ಚಿದಳು. ರಾತ್ರಿಯೂ ಅಷ್ಟೇ, ಮಾರನೆಯ ದಿನವೂ ಅಷ್ಟೇ. ಎರಡನೇ ದಿನ ಸಂಜೆ ಟೂವಾಳ ತಟ್ಟೆಯಲ್ಲಿ ಉಳಿದ ಆಲೂಗಡ್ಡೆಯನ್ನು ನಿಂತುಕೊಂಡೇ ನುಂಗಿದರು. ಅದನ್ನು ನೋಡಿದ ಮಗು ಅವತ್ತಿನಿಂದ ತಾನು ತಿನ್ನುವುದಕ್ಕಿಂತ ಒಂದು ಆಲೂಗಡ್ಡೆ ಹೆಚ್ಚಿಗೆ ಹಾಕಿಸಿಕೊಂಡು ಉಳಿಸತೊಡಗಿತು. ಇದನ್ನು ಸುಮಿತ್ರಮ್ಮ ಕ್ಲಾಸಿನಲ್ಲಿ ನಟಿಸಿ ತೋರಿಸುತ್ತಾರೆ. ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಮಿಕ್ಕ ಪಾಠಗಳೂ ಹೀಗೆಯೇ. ಅಲ್ಲಿಯ ಚಳಿಗಾಲ ಹೇಗಿರುತ್ತದೆ ಎಂದರೆ ಅವರು ಕಿಟಕಿಯಿಂದ ಕೈ ತೋರಿಸುತ್ತಾರೆ. ಮಾರಿಕಣಿವೆ ಡ್ಯಾಮಿನ ನೀರು ಪೂರ್ತಿ ಗಟ್ಟಿಯಾಗಿ, ಹೊಸದುರ್ಗದ ಕಡೆಯಿಂದ ಜನ ಅದರ ಮೇಲೆ ಕಾರು ಓಡಿಸಿಕೊಂಡು ಈ ದಡಕ್ಕೆ ಬಂದರೆ ಹೇಗೋ ಹಾಗೆ. ರೇಣುಕಾಳ ಊರು ಆ ಹಿನ್ನೀರಿನ ದಂಡೆಯಲ್ಲೇ ಇರುವುದು, ಹಾಗಾದರೆ ಮೀನಿನ ಗತಿ ಏನು ಎಂದು ಅವಳಿಗೆ ಚಿಂತೆ. ಮಂಜುಗಡ್ಡೆಗೆ ತೂತು ಕೊರೆದು, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಹಿಡಿಯುತ್ತಾರೆ ಎಂದರೆ ಅವಳು ನಂಬಲಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡೂವರೆಗೆ ದೀಪ ಹಚ್ಚಬೇಕು. ಜೂನಿನಲ್ಲಿ ಹೊತ್ತು ಮುಳುಗುವುದೇ ಇಲ್ಲ, ಕಿಟಕಿಗೆ ಕಪ್ಪು ಪರದೆ ಎಳೆದು ರಾತ್ರಿ ಮಾಡಿಕೊಳ್ಳಬೇಕು. ಕಾಡು ಯಾರದೇ ಇರಲಿ, ಹಣ್ಣು ಎಲ್ಲರದು, ನಾವು ಗುಡ್ಡದಲ್ಲಿ ಕಾರೆಹಣ್ಣು ಕವಳೆಹಣ್ಣು ಕೀಳುವ ಹಾಗೆ ಬಕೆಟ್ ಹಿಡಿದುಕೊಂಡು ಹೋಗಬಹುದು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಅಷ್ಟರ ಮಟ್ಟಿಗೆ ಅವರು ನಮ್ಮವರೇ. ದೊಡ್ಡ ಡಾಕ್ಟರನ್ನೂ ಹೆಸರು ಹಿಡಿದು ನೀನು ಎಂದೇ ಮಾತಾಡಿಸಬೇಕು. ಇದು ಮಾತ್ರ ಹುಡುಗಿಯರ ಗಂಟಲಲ್ಲಿ ಸಿಕ್ಕಿಕೊಂಡಿತು. ಅಭ್ಯಾಸಕ್ಕೆಂದು ಪ್ರದೀಪನನ್ನು ನೀನು ಅನ್ನಿ ಎಂದರೆ ಕೈನಾತ್ ಹಾಗೆ ಅಂದುಬಿಟ್ಟು ತಾನೇ ಕ್ಷಮೆ ಕೇಳಿದಳು.

ಸಂಜೆ ಆರಕ್ಕೆ ಸರಿಯಾಗಿ ಪಾಠ ನಿಲ್ಲುತ್ತದೆ, ಕಾಫಿ ಬರುತ್ತದೆ. ಅಲ್ಲಿ ಇದಕ್ಕೆ ಫೀಕಾ ಎನ್ನುತ್ತಾರೆ. ಎಂಥಾ ಕೆಲಸವಿದ್ದರೂ ನಿಲ್ಲಿಸಿ, ಎಲ್ಲರೂ ಸುತ್ತ ಕೂತು, ಕಾಫಿ ಕುಡಿದು ಸಿಹಿ ಬನ್ನು ತಿನ್ನಲೇಬೇಕು. ದಿಲಾವರ್ ಸಾಹೇಬರು ಆ ಹೊತ್ತಿಗೆ ತಪ್ಪದೆ ಮೇಲೆ ಬರುತ್ತಾರೆ. ನಮ್ಮ ಉರ್ದುವಿನಲ್ಲಿ ಫೀಕಾ ಎಂದರೆ ಸಪ್ಪೆ, ನನಗೆ ಸಕ್ಕರೆ ಎರಡು ಚಮಚ ಹಾಕಿ ಎಂದು ದಿನಾ ಹೇಳುತ್ತಾರೆ, ಹುಡುಗಿಯರು ದಿನಾ ನಗುತ್ತಾರೆ.

ಇಷ್ಟೆಲ್ಲ ಹೇಳುವ ಸುಮಿತ್ರಮ್ಮ ಒಂದು ಸಂಗತಿ ಮಾತ್ರ ಯಾರಿಗೂ ಹೇಳಿರಲಿಲ್ಲ. ಅಷ್ಟು ಚೆನ್ನಾಗಿದ್ದರೆ ಮತ್ತೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ, ರಾಗಿ ಮುದ್ದೆ ನೆನಪಾಯ್ತು ಎಂದು ತೇಲಿಸಿಬಿಡುತ್ತಿದ್ದರು.

ಒಂದು ಸೋಮವಾರ ಪ್ರದೀಪ್ ಫೋನ್ ಹಿಡಿದುಕೊಂಡು ಬಂದ. ಶುಕ್ರವಾರ ಬ್ಯೋರ್ಕ್‌ನೆಸ್ಸಿನಿಂದ ಇಬ್ಬರು ಬರುತ್ತಾರೆ, ಹುಡುಗಿಯರನ್ನು ಎದುರಿಗೆ ಕೂರಿಸಿ ಮಾತಾಡಿಸಿ ಆರಿಸುತ್ತಾರೆ ಎಂದ. ಒಬ್ಬಾಕೆ ವೃದ್ಧಾಶ್ರಮದ ಮ್ಯಾನೇಜರು. ಇನ್ನೊಬ್ಬಳು ಅಲ್ಲೇ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿ, ಹೆಸರು ಟೂವಾ. ಮನೆತನದ ಹೆಸರನ್ನೂ ಅವನು ಕಷ್ಟಪಟ್ಟು ಓದಿದ. ಸುಮಿತ್ರಮ್ಮ ಅವನ ಕೈಯಿಂದ ಫೋನ್ ಕಿತ್ತುಕೊಂಡು ನೋಡಿದರು, ವಾಪಸ್ ಕೊಟ್ಟರು, ಅವತ್ತಿನ ಕಾಫಿಗೆ ಉಪ್ಪು ಹಾಕಿದರು. ದಿಲಾವರ್ ಸಾಹೇಬರು ಒಂದು ಗುಟುಕು ಕುಡಿದು ಲೋಟ ಅಲ್ಲೇ ಇಟ್ಟು ಕೆಳಗಿಳಿದು ಹೋದರು.

ಎಲ್ಲರೂ ಹೋದ ಮೇಲೂ ಕೈನಾತ್ ಲೋಟ ತೊಳೆಯುವ ನೆಪದಲ್ಲಿ ಉಳಿದಳು. ಅವಳ ಮುಂದೆ ಸುಮಿತ್ರಮ್ಮ ಮೊದಲ ಸಲ ಆ ಮಾತು ತೆಗೆದರು.

ಐದನೇ ವರ್ಷ, ಹಿಮ ಕರಗುವ ತಿಂಗಳಲ್ಲಿ, ಅಡುಗೆ ಮನೆಯ ಮೇಜಿನ ಹತ್ತಿರ ಮಾರ್ಗರೆಟಾ ಕೂರಿಸಿಕೊಂಡು ಕೇಳಿದಳಂತೆ. ನಿನ್ನ ಪರ್ಮಿಟ್ಟು ಜೂನಿಗೆ ಮುಗಿಯುತ್ತದೆ, ಮುಂದುವರಿಸಬಹುದು, ಇನ್ನೂ ನಮ್ಮ ಜೊತೆ ಇರಲು ಇಷ್ಟವಿದೆಯಾ ಎಂದು. ಆಲೂಗಡ್ಡೆಗೆ, ಕಾಫಿಗೆ, ಬನ್ನಿಗೆ ಮೊದಲ ಸಲಕ್ಕೇ ಯಾ ಎನ್ನಲು ಕಲಿತಿದ್ದ ನಾಲಿಗೆ ಅವತ್ತು ಸೀದಾ ಆದಿವಾಲಕ್ಕೆ ಬಂದುಬಿಟ್ಟಿತು.

“ಊಟ ಬೇಕು ಅನ್ಬೌದು ಕಣಮ್ಮ. ಇನ್ನೊಬ್ರ ಮನೇನೇ ಬೇಕು ಅಂತ ಹೆಂಗನ್ನೋದು? ಇಲ್ಲ ಬಿಡಿ, ನಿಮಗ್ಯಾಕೆ ತೊಂದ್ರೆ ಅಂದೆ. ಇನ್ನೊಂದ್ಸಲ ಕೇಳ್ತಾಳೆ, ಆಗ ಹ್ಞೂಂ ಅಂದ್ರಾಯ್ತು ಅಂತ ಕಾಯ್ಕಂಡು ಕುಂತೆ.”

ಮಾರ್ಗರೆಟಾ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೂ ಅವಳು ಕೇಳಲಿಲ್ಲ. ಒಬ್ಬರು ಬೇಡ ಎಂದ ಮೇಲೆ ಒತ್ತಾಯ ಮಾಡುವುದು ಅಲ್ಲಿ ಅವಮರ್ಯಾದೆ. ಮಾರನೆಯ ವಾರ ಟಿಕೆಟ್ ಬಂತು. ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಟೂವಾಳಿಗೆ ಆಗ ಒಂಬತ್ತು ವರ್ಷ. ವಿಮಾನ ನಿಲ್ದಾಣದಲ್ಲಿ ಅವಳು ಸುಮ್ಮಿಯ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತದೆ. ಕೆಳಗೆ ಗಂಡ ಹೆಂಡತಿಯ ಹೆಸರು ಇರುತ್ತದೆ. ಟೂವಾಳ ಹೆಸರು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ.

ನಾನು ಅವಳನ್ನು ಬೇಡ ಅಂದು ಬಿಟ್ಟು ಬಂದೆ ಎಂದು ಆ ಹುಡುಗಿ ತಿಳಿದಿದ್ದಾಳೆ, ಅದೊಂದು ಅವಳ ತಲೆಯಿಂದ ಹೋದರೆ ನನಗೆ ಸಾಕು, ಎಂದರು ಸುಮಿತ್ರಮ್ಮ. ಕೈನಾತ್ ಲೋಟಗಳನ್ನು ಎರಡೆರಡು ಸಲ ತೊಳೆದಳು.

ಶುಕ್ರವಾರದ ತನಕ ಸುಮಿತ್ರಮ್ಮ ‘ನಾನು ನಿನ್ನನ್ನು ಬೇಡ ಅಂದಿರಲಿಲ್ಲ’ ಎಂಬ ಒಂದು ವಾಕ್ಯವನ್ನು ಸ್ವೀಡಿಷ್ ಭಾಷೆಯಲ್ಲಿ ಗಟ್ಟು ಮಾಡಿದರು. ಮುದ್ದೆ ತೊಳಸುವಾಗ ಹೇಳಿಕೊಂಡರು, ಬಟ್ಟೆ ಒಗೆಯುವಾಗ ಹೇಳಿಕೊಂಡರು. ಬಂದವರ ಕಾರು ಅಂಗಡಿ ಮುಂದೆ ನಿಂತಾಗ ಆ ವಾಕ್ಯ ಪೂರ್ತಿ ಮರೆತುಹೋಯಿತು. ಎತ್ತರದ ಹುಡುಗಿ, ತೊಲೆ ನೋಡದೆ ಹಣೆ ಬಡಿಸಿಕೊಂಡು ಮೇಲೆ ಬಂದಳು. ಸುಮಿತ್ರಮ್ಮನ ಕೈ ತಾನಾಗಿಯೇ ಆ ಹಣೆ ಉಜ್ಜಲು ಹೋಗಿ ಅರ್ಧದಲ್ಲಿ ನಿಂತಿತು. ಟೂವಾ ಅದೇ ಕೈ ಹಿಡಿದು ಕುಲುಕಿ, ಹೇ, ಚೆನ್ನಾಗಿದ್ದೀಯಾ ಎಂದು ಮೆಲ್ಲಗೆ ಕೇಳಿ, ಮ್ಯಾನೇಜರಿನ ಹಿಂದೆ ಒಳಗೆ ಹೋದಳು. ಹೇ ಎಂದರೆ ಅಲ್ಲಿ ನಮಸ್ಕಾರ. ಅಪರಿಚಿತರಿಗೂ ಅದನ್ನೇ ಹೇಳುತ್ತಾರೆ ಎಂಬುದು ಸುಮಿತ್ರಮ್ಮನಿಗೆ ಗೊತ್ತಿತ್ತು.

ಅವರು ಹೊರಗಿನ ಮೆಟ್ಟಿಲ ಮೇಲೆ ಕೂತರು. ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಕಿಟಕಿ ತೆರೆದೇ ಇತ್ತು, ಪ್ರತಿ ಮಾತೂ ಕೇಳುತ್ತಿತ್ತು. ಕೊನೆಗೆ ಹೋದವಳು ಕೈನಾತ್. ನಿಮ್ಮ ಊರಿಗೂ ನಮ್ಮ ಊರಿಗೂ ಇರುವ ದೊಡ್ಡ ವ್ಯತ್ಯಾಸ ಯಾವುದು ಎಂದು ಮ್ಯಾನೇಜರು ಕೇಳಿದಳು. ಎಲ್ಲರೂ ಹಿಮ ಎಂದು ಹೇಳಿ ಬಂದಿದ್ದರು. ಕೈನಾತ್ ತಡವರಿಸುತ್ತ ಬೇರೆಯದೇ ಹೇಳತೊಡಗಿದಳು. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೇ ಸಲ ಕೇಳುವುದು ಪ್ರೀತಿ. ನಿಮ್ಮಲ್ಲಿ ಬೇಡ ಎಂದರೆ ಒಪ್ಪಿಕೊಳ್ಳುವುದೇ ಮರ್ಯಾದೆ. ನಿಮ್ಮ ಅಜ್ಜ ಅಜ್ಜಿಯರು ಬೇಡ ಎಂದರೆ ನಾನು ಒತ್ತಾಯ ಮಾಡುವುದಿಲ್ಲ, ಅದನ್ನು ನಮ್ಮ ಟೀಚರು ಕಲಿಸಿದ್ದಾರೆ. ಅವರು ಅದನ್ನು ಒಂದು ಮನೆಯನ್ನೇ ಕಳೆದುಕೊಂಡು ಕಲಿತರು.

ಸುಮಿತ್ರಮ್ಮ ತಡೆಯಬೇಕೆಂದು ಅರ್ಧ ಎದ್ದರು. ಒಳಗೆ ಕೈನಾತ್ ನಿಲ್ಲಿಸಲಿಲ್ಲ. ಪದ ಸಿಗದ ಕಡೆ ಇಂಗ್ಲಿಷ್ ಸೇರಿಸಿಕೊಂಡು ಅಡುಗೆ ಮನೆಯ ಮೇಜು, ಕೇಳಿದ ಪ್ರಶ್ನೆ, ಕಾಯುತ್ತ ಕೂತ ಹೆಂಗಸು, ಎಲ್ಲವನ್ನೂ ಹೇಳಿ ಮುಗಿಸಿದಳು. ಫ್ಯಾನಿನ ಗುರ್ ನಡುವೆ ಕುರ್ಚಿಯೊಂದು ಹಿಂದೆ ಸರಿಯಿತು.

ಟೂವಾ ಹೊರಗೆ ಬಂದು ಸುಮಿತ್ರಮ್ಮನ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ಕೂತಳು. ಮಾತಾಡಿದ್ದು ಸ್ವೀಡಿಷ್‌ನಲ್ಲೇ, ಆದರೆ ಸುಮಿತ್ರಮ್ಮನ ಕಿವಿಯಲ್ಲಿ ಅದು ಕನ್ನಡವಾಗಿಯೇ ಇಳಿಯುತ್ತಿತ್ತು.

“ಅವತ್ತು ನೀನು ಇಲ್ಲ ಅಂದದ್ದು ಸುಳ್ಳಾ?”

“ಸುಳ್ಳಲ್ಲ ಕಣೆ. ಮರ್ಯಾದೆ.”

“ಅಮ್ಮ ಇನ್ನೊಂದು ಸಲ ಕೇಳಿದ್ದರೆ?”

“ಇರ್ತಿದ್ದೆ.”

ಟೂವಾ ಮೊಣಕಾಲು ತಬ್ಬಿಕೊಂಡಳು. ಕಾರ್ಡಿಗೆ ಹೆಸರು ಹಾಕು ಎಂದು ಅಮ್ಮ ಪ್ರತಿ ವರ್ಷ ಪೆನ್ನು ಕೊಡುತ್ತಿದ್ದಳು, ನಾನು ಎದ್ದು ಹೋಗುತ್ತಿದ್ದೆ ಎಂದಳು. ನರ್ಸುಗಳು ಬೇಕು, ಯಾವ ದೇಶದಿಂದ ಕರೆಸೋಣ ಎಂದು ಕಚೇರಿಯಲ್ಲಿ ಮಾತು ಬಂದಾಗ ಚಿತ್ರದುರ್ಗದ ಹೆಸರು ಹೇಳಿದವಳೂ ನಾನೇ ಎಂದಳು. ಅಷ್ಟು ಕೋಪವಿದ್ದರೂ ಯಾಕೆ ಹೇಳಿದೆ ಎಂಬುದು ತನಗೇ ಗೊತ್ತಿಲ್ಲವಂತೆ. ಸುಮಿತ್ರಮ್ಮನಿಗೆ ಗೊತ್ತಾಯಿತು. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, ಈ ಸಲ ಧೈರ್ಯ ಮಾಡಿ, ಅವಳ ಹಣೆಯ ಬುಗುಟು ಉಜ್ಜಿದರು.

“ನನಗೆ ಊಟ ಮಾಡಿಸುವಾಗ ನೀನು ಎಷ್ಟೆಷ್ಟು ಸಲ ಕೇಳುತ್ತಿದ್ದೆ,” ಅಂದಳು ಟೂವಾ. “ನಾವು ನಿನ್ನನ್ನು ಒಂದೇ ಸಲ ಕೇಳಿದೆವು.”

ಒಳಗೆ ಮ್ಯಾನೇಜರು ಪ್ರದೀಪನಿಗೆ ಏಳು ಜನರೂ ಬರಬಹುದು ಎಂದು ಹೇಳುತ್ತಿದ್ದಳು. ಸಂತೋಷಪಡಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ, ಏಳೂ ಹುಡುಗಿಯರು ಒಳಗೆ ಸೇರಿ ಕಿಟಕಿಗೆ ಅಂಟಿಕೊಂಡು ಮೆಟ್ಟಿಲ ಕಡೆ ನೋಡುತ್ತಿದ್ದರು. ಟೂವಾ ಈಗ ಅವಸರದಲ್ಲಿ ಮಾತಾಡುತ್ತಿದ್ದಳು. ನವೆಂಬರಿಗೆ ಈ ಹುಡುಗಿಯರು ಬರುತ್ತಾರೆ, ಮೊದಲ ಚಳಿಗಾಲ ಕಷ್ಟ, ನಮ್ಮ ಮನೆಯಲ್ಲಿ ನಿನ್ನ ಕೋಣೆ ಹಾಗೇ ಇದೆ, ಅಮ್ಮ ಅದರಲ್ಲಿ ಉಲ್ಲನ್ ದಾರದ ಉಂಡೆ ತುಂಬಿಟ್ಟಿದ್ದಾಳೆ ಅಷ್ಟೇ. ಹಿಮ ಕರಗುವ ತನಕ ಬಂದು ನಮ್ಮ ಜೊತೆ ಇರುತ್ತೀಯಾ?

“ಅಯ್ಯೋ, ನಿಮಗ್ಯಾಕೆ ಸುಮ್ನೆ ತೊಂದ್ರೆ,” ಅಂದರು ಸುಮಿತ್ರಮ್ಮ.

ಕಿಟಕಿಯಲ್ಲಿ ರೇಣುಕಾ ಹಣೆ ಚಚ್ಚಿಕೊಂಡಳು. ಅಂದ ಮಾತು ಸುಮಿತ್ರಮ್ಮನಿಗೂ ಆಗಲೇ ಕೇಳಿಸಿತು. ಇನ್ನೇನು ಈ ಹುಡುಗಿ ತಲೆಯಾಡಿಸಿ ಎದ್ದು ಹೋಗುತ್ತಾಳೆ ಎಂದು ಅವರು ಕಣ್ಣು ಮುಚ್ಚಿದರು. ಟೂವಾ ಏಳಲಿಲ್ಲ. ಎಲ್ಲೋ ಮರೆತಿದ್ದ ಮಾತನ್ನು ನಾಲಿಗೆಯ ಮೇಲೆ ಹುಡುಕುತ್ತ, ಮೂರು ವರ್ಷದವಳಾಗಿದ್ದಾಗ ಚಿತ್ರದುರ್ಗದ ಮನೆಯ ಜಗುಲಿಯಲ್ಲಿ ಊಟ ಬೇಡ ಎಂದಾಗಲೆಲ್ಲ ಕೇಳಿಸಿಕೊಂಡಿದ್ದ ದನಿಯಲ್ಲೇ, ಕನ್ನಡದಲ್ಲಿ ಅಂದಳು:

“ಸುಮ್ಮಿ, ಇನ್ನೊಂದ್ ತುತ್ತು.”

ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಹದಿನಾಲ್ಕು ವರ್ಷ ಹಿಡಿದಿತ್ತು. ಸುಮಿತ್ರಮ್ಮ ಅತ್ತರು, ನಕ್ಕರು, ಆಮೇಲೆ ಏಳು ಹುಡುಗಿಯರಿಗೆ ಮಿರ್ಚಿ ತಟ್ಟೆ ಹಿಡಿದು ಕಲಿಸಿದ್ದನ್ನು ತಾವೇ ಹೇಳಿದರು.

“ಯಾ, ತಕ್.”

ಕೆಳಗೆ ದಿಲಾವರ್ ಸಾಹೇಬರ ಹೊಲಿಗೆ ಮಿಷಿನ್ನು ಯಾವಾಗಲೋ ನಿಂತಿತ್ತು. ಅವರು ಟೇಪು ಕೊರಳಿಗೆ ಹಾಕಿಕೊಂಡೇ ಬಾಗಿಲಿಗೆ ಬಂದು ಕತ್ತೆತ್ತಿ, ಸುಮಿತ್ರಮ್ಮೋರೆ, ಚಳಿಗೊಂದು ಕೋಟು ಹೊಲಿಲಾ ಎಂದು ಕೇಳಿದರು. ಹೊಲೀರಿ ಸಾಹೇಬ್ರೆ ಎಂದು ಸುಮಿತ್ರಮ್ಮ ಆ ಕ್ಷಣವೇ ಅಳತೆ ಕೊಡಲು ಮೆಟ್ಟಿಲಿಳಿದರು.